ಎಚ್.ಐ.ವಿ. ಲಸಿಕೆಯೂ ‘ಪ್ರದೇಶ’ವೆಂಬ ಪದವೂ: ಒಂದು ವಿಮರ್ಶೆ

ಎಚ್.ಐ.ವಿ. ವೈರಾಣುವಿನ ಪ್ರಾದೇಶಿಕ ಭೇದಗಳನ್ನು ಕುರಿತ ಬರಹಗಳಲ್ಲಿ ಒಂದು ವಾದವು ಮತ್ತೆ ಮತ್ತೆ ಕಂಡುಬರುತ್ತದೆ. ಅಮೆರಿಕ ಮತ್ತು ಪಶ್ಚಿಮ ಯೂರೋಪಿನಲ್ಲಿ ‘ಬಿ’ ಉಪವಿಧವೂ ಭಾರತದಲ್ಲಿ ‘ಸಿ’ ಉಪವಿಧವೂ ಪ್ರಬಲವಾಗಿವೆ, ಆದಿಯ ಲಸಿಕೆಗಳು ಬಹುಮಟ್ಟಿಗೆ ‘ಬಿ’ಯನ್ನು ಆಧರಿಸಿದ್ದವು, ಆದುದರಿಂದ ನಮ್ಮ ‘ಸಿ’ಗೆ ನಮ್ಮದೇ ಲಸಿಕೆಯನ್ನು ರಚಿಸಿದರೆ ಸಾಕು ಎಂಬುದು ಆ ವಾದ. ವೈದ್ಯಶಾಸ್ತ್ರವು ನಮ್ಮ ಕ್ಷೇತ್ರವಲ್ಲ. ಆದರೆ ‘ಪ್ರದೇಶ’, ‘ವಂಶ’, ‘ಆಧಾರ’ ಎಂಬುವು ಇತಿಹಾಸದ ಅಧ್ಯಾಪಕರು ನಿತ್ಯವೂ ಬಳಸುವ ಪದಗಳಾದುದರಿಂದ ಅವುಗಳ ಪ್ರಯೋಗವನ್ನು ಪರೀಕ್ಷಿಸುವ ಅಧಿಕಾರ ನಮಗೂ ಉಂಟು.

ವಾದದ ಪೂರ್ವಾರ್ಧ ಸತ್ಯವೇ. ಲೋಕದ ಸೋಂಕಿನಲ್ಲಿ ಸುಮಾರು ಅರ್ಧಭಾಗ ‘ಸಿ’ಯದು, ‘ಬಿ’ಯದು ಶೇಕಡ 12ರಷ್ಟು. ಭಾರತದಲ್ಲಿ ‘ಸಿ’ಯ ಪಾಲು ಶೇಕಡ 90ನ್ನು ಮೀರುತ್ತದೆ. ಹೆಚ್ಚು ಜನರನ್ನು ಪೀಡಿಸುವ ವೈರಾಣುವನ್ನು ಬಿಟ್ಟು ಶೋಧನೆ ಆರಂಭವಾಯಿತೆಂಬ ಆಕ್ಷೇಪ ಸಲ್ಲತಕ್ಕದ್ದೇ. ದೋಷವಿರುವುದು ಉತ್ತರಾರ್ಧದಲ್ಲಿ.

ಉಪವಿಧವೆಂಬುದು ವಂಶಾವಳಿಯನ್ನು ಸೂಚಿಸುವ ಹೆಸರು. ಪ್ರತಿಕಾಯಗಳು ಗುರುತಿಸಬೇಕಾದುದಾದರೋ ವೈರಾಣುವಿನ ಹೊದಿಕೆಯ ಪ್ರೋಟೀನನ್ನು. ಅದರಲ್ಲಿ ಎರಡು ಉಪವಿಧಗಳ ನಡುವೆ ಶೇಕಡ 35ರವರೆಗೆ ವ್ಯತ್ಯಾಸ ಕಾಣುತ್ತದೆ; ಒಂದೇ ಉಪವಿಧದೊಳಗೂ ಶೇಕಡ 20ರವರೆಗೆ ಕಾಣುವುದುಂಟು. ಕಮಲಾಪುರದ ಕೆಂಪು ಬಾಳೆಯನ್ನು ನೋಡಿರಿ. ಬುಡದ ಕಂದನ್ನು ಕಿತ್ತು ನೆಡುವುದರಿಂದ ಮರಿಯು ತಾಯಿಯಂತೆಯೇ ಬೆಳೆಯುತ್ತದೆ. ಊರಿನ ಹೆಸರು ಅದಕ್ಕೆ ಒಪ್ಪುತ್ತದೆ. ನಕಲಾಗುವಾಗಲೆಲ್ಲ ತಪ್ಪುಗಳನ್ನು ಸೇರಿಸಿಕೊಳ್ಳುವ ವೈರಾಣುವಿಗೆ ಅಂಥ ಹೆಸರು ಒಪ್ಪದು.

ಪ್ರಯೋಗಗಳ ಇತಿಹಾಸವೂ ಇದನ್ನೇ ಹೇಳುತ್ತದೆ. ಥೈಲೆಂಡಿನಲ್ಲಿ 16,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯ ಫಲ 2009ರಲ್ಲಿ ಪ್ರಕಟವಾಯಿತು. ರಕ್ಷಣೆ ಶೇಕಡ 31ರಷ್ಟು. ಅದೇ ಕ್ರಮವನ್ನು ‘ಸಿ’ಗೆ ಹೊಂದಿಸಿ ದಕ್ಷಿಣ ಆಫ್ರಿಕದಲ್ಲಿ 2016ರಲ್ಲಿ ಸುಮಾರು 5,400 ಜನರಲ್ಲಿ ಆರಂಭಿಸಿ, 2020ರಲ್ಲಿ ನಿಲ್ಲಿಸಬೇಕಾಯಿತು. ಲಸಿಕೆ ಪಡೆದವರಲ್ಲಿ 129 ಮಂದಿಗೂ, ಹುಸಿಮದ್ದು ಪಡೆದವರಲ್ಲಿ 123 ಮಂದಿಗೂ ಸೋಂಕು ತಗಲಿತ್ತು. ಇಲ್ಲಿ ಲಸಿಕೆಯೊಡನೆ ಬೆರೆಸುವ ಉತ್ತೇಜಕ ದ್ರವ್ಯವನ್ನೂ ಬದಲಿಸಿದ್ದರಾಗಿ ಸೋಲನ್ನು ಉಪವಿಧದ ಮೇಲೆಯೇ ಹೊರಿಸುವುದು ಸಮಂಜಸವಲ್ಲ. ಆದರೂ ಹೊಂದಾಣಿಕೆಯೊಂದೇ ಸಾಕೆಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ‘ಸಿ’ಯನ್ನೇ ಆಧರಿಸಿ 2005ರಲ್ಲಿ ಪುಣೆಯಲ್ಲಿಯೂ 2006ರಲ್ಲಿ ಚೆನ್ನೈಯಲ್ಲಿಯೂ ಪರೀಕ್ಷಿಸಿದ ಲಸಿಕೆಗಳು ಮೊದಲ ಹಂತಗಳಿಂದ ಮುಂದೆ ಸಾಗಲಿಲ್ಲ.

ಇನ್ನು ‘ಪ್ರದೇಶ’. ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಚೆನ್ನೈಯಲ್ಲಿ. ಅನಂತರ ‘ಭಾರತದ ವೈರಾಣು’ವೆಂದು ಪ್ರಸಿದ್ಧವಾದ ಮಾದರಿಗಳು ಬಹುಪಾಲು ಪುಣೆ, ಚೆನ್ನೈ, ಬೆಂಗಳೂರು, ದೆಹಲಿಗಳ ಸಂಸ್ಥೆಗಳ ಮೂಲಕ ಬಂದವು. ಉತ್ಖನನ ನಡೆದ ಕಡೆಯಲ್ಲೇ ನಾಗರಿಕತೆ ಇತ್ತೆಂದು ಬರೆಯುವ ವಿದ್ಯಾರ್ಥಿಯನ್ನು ನಾವು ತಿದ್ದುತ್ತೇವೆ. ನಕ್ಷೆಯ ಮೇಲೆ ದೇಶಕ್ಕೆಲ್ಲ ಒಂದೇ ಬಣ್ಣ ಬಳಿಯುವ ವಿಜ್ಞಾನಲೇಖಕರನ್ನು ತಿದ್ದುವವರು ಕಡಿಮೆ. ಕಲಬುರಗಿಯನ್ನು ತೆಗೆದುಕೊಳ್ಳೋಣ. 1956ರವರೆಗೆ ಇದು ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ಮುಂಬಯಿ–ಚೆನ್ನೈ ರೈಲುದಾರಿ ಇದರ ಮೂಲಕವೇ ಹಾಯುತ್ತದೆ. ಕಮಲಾಪುರದ ಮೇಲಿನ ಬೀದರ ಮಾರ್ಗ 2017ರಲ್ಲಿ ತೆರೆಯಿತು. ಇಲ್ಲಿಯ ಜನ ದುಡಿಮೆಗಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೋಗಿಬರುತ್ತಾರೆ. ಇಲ್ಲಿಯ ಒಬ್ಬ ರೋಗಿಯ ವೈರಾಣು ಯಾವ ಪ್ರದೇಶದ್ದು? ರಾಜ್ಯದ ಗಡಿಯಾಗಲಿ ದೇಶದ ಹೆಸರಾಗಲಿ ಇದಕ್ಕೆ ಉತ್ತರ ಕೊಡಲಾರದು.

‘ಸಿ’ಯೊಳಗೂ ಕವಲುಗಳು ಒಡೆಯುತ್ತಿವೆ. ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದ ಉದಯಕುಮಾರ್ ರಂಗ ಮತ್ತು ಸಂಗಡಿಗರು 2012ರಲ್ಲಿ ಇದನ್ನು ತೋರಿಸಿಕೊಟ್ಟರು. ವೈರಾಣುವಿನ ವೃದ್ಧಿಯನ್ನು ಪ್ರೇರಿಸುವ ‘ಎನ್‌ಎಫ್ ಕಪ್ಪಾ ಬಿ’ ಸ್ಥಾನಗಳು ‘ಬಿ’ಯಲ್ಲಿ ಸಾಮಾನ್ಯವಾಗಿ 2, ‘ಸಿ’ಯಲ್ಲಿ 3, ಭಾರತದ ಕೆಲವು ‘ಸಿ’ ವೈರಾಣುಗಳಲ್ಲಿ 4. ಇದು ಹೊದಿಕೆಗೆ ಸಂಬಂಧಿಸಿದ್ದಲ್ಲವಾಗಿ ಲಸಿಕೆಗೆ ನೇರವಾದ ಪ್ರಮಾಣವಾಗದು. ದೇಶದೊಳಗಿನ ಭೇದಕ್ಕೆ ಮಾತ್ರ ಒಳ್ಳೆಯ ಸಾಕ್ಷ್ಯ.

ರೋಗಕ್ಕೆ ನಾಡಿನ ಹೆಸರಿಡುವ ಚಾಳಿ ಹಳೆಯದು. 16ನೆಯ ಶತಮಾನದ ‘ಭಾವಪ್ರಕಾಶ’ವು ಉಪದಂಶದಂಥ ಒಂದು ವ್ಯಾಧಿಯನ್ನು ಫಿರಂಗರೋಗವೆಂದು ಕರೆಯಿತು. ಅಲ್ಲಿ ಹೆಸರು ಪರಕೀಯರ ಮೇಲೆ ಬಿತ್ತು. ಇಲ್ಲಿ ನಮ್ಮವರ ಮೇಲೆಯೇ ಬೀಳುತ್ತಿದೆ. ಆದುದರಿಂದ ಮಾದರಿಯ ವಿವರದಲ್ಲಿ ‘ಭಾರತ’ವೆಂದು ಬರೆದು ಬಿಡದೆ, ವ್ಯಕ್ತಿಯ ಗುರುತನ್ನು ಗುಪ್ತವಾಗಿರಿಸಿ, ಜಿಲ್ಲೆಯನ್ನೂ ವರ್ಷವನ್ನೂ ನಮೂದಿಸಬೇಕೆಂದು ನಾವು ಕೇಳುತ್ತೇವೆ. ಮುಂದಿನ ಲಸಿಕೆಯನ್ನು ಪರೀಕ್ಷಿಸುವ ವೈರಾಣುಗಳ ಸಂಗ್ರಹದಲ್ಲಿ ಕಲಬುರಗಿಯಂಥ ಜಿಲ್ಲೆಗಳ, ಕಮಲಾಪುರದಂಥ ತಾಲ್ಲೂಕುಗಳ ಮಾದರಿಗಳೂ ಇರತಕ್ಕದ್ದು.