ಪಾದ್ರಿಯ ಎರಡು ಪ್ರವಚನಗಳು

ಊರಿಗೆ ಸಂಕಟ ಬಂದಾಗ ಎಲ್ಲ ಧರ್ಮಪೀಠಗಳಿಂದಲೂ ಕೇಳಿಬರುವ ಕರೆ ಒಂದೇ: ಪಶ್ಚಾತ್ತಾಪಪಡಿ, ದೇವರಲ್ಲಿ ಭರವಸೆಯಿಡಿ. ಈ ಕರೆಯನ್ನು ಕೇಳುತ್ತಲೇ ಬೆಳೆದವರು ನಾವು. ಮಳೆ ಬಾರದ ವರ್ಷ ಹಿರಿಯರ ಹಿಂದೆ ಈದ್ಗಾಕ್ಕೆ ನಡೆದು, ಅಂಗೈ ಕವುಚಿ ಹಿಡಿದು ದುಆ ಮಾಡಿದ ನೆನಪು ಇನ್ನೂ ಮಾಸಿಲ್ಲ. ಕರೆಯಲ್ಲಿ ತಪ್ಪಿಲ್ಲ. ಆದರೆ ಅದನ್ನು ಯಾರು, ಯಾರಿಗೆ, ಎಲ್ಲಿ ನಿಂತು ಹೇಳುತ್ತಾರೆ ಎಂಬುದರ ಮೇಲೆ ಅದು ಮುಲಾಮಾಗುತ್ತದೋ ಚಾಟಿಯಾಗುತ್ತದೋ ನಿರ್ಧಾರವಾಗುತ್ತದೆ. ಇದನ್ನು ನಮಗೆ ಮನಗಾಣಿಸಿದ್ದು 1947ರಲ್ಲಿ ಪ್ರಕಟವಾದ ಆಲ್ಬರ್ಟ್ ಕಮೂವಿನ ‘ಪ್ಲೇಗ್’ ಕಾದಂಬರಿ. ಅದನ್ನು ಬರೆದವನು ದೇವರನ್ನು ನಂಬಿದವನಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಕಥೆ ನಡೆಯುವುದು ಫ್ರೆಂಚರ ಆಡಳಿತದಲ್ಲಿದ್ದ ಅಲ್ಜೀರಿಯಾದ ಒರಾನ್ ನಗರದಲ್ಲಿ. ಇಲಿಗಳು ಸಾಯುತ್ತವೆ, ನಂತರ ಮನುಷ್ಯರು. ಊರಿನ ಬಾಗಿಲುಗಳನ್ನು ಮುಚ್ಚಲಾಗುತ್ತದೆ. ಚರ್ಚಿನ ಹಿರಿಯರು ಒಂದು ವಾರದ ಪ್ರಾರ್ಥನೆ ಏರ್ಪಡಿಸುತ್ತಾರೆ. ಅದರ ಕೊನೆಯ ಭಾನುವಾರ, ಹೊರಗೆ ಮಳೆ ಸುರಿಯುತ್ತಿರುವಾಗ, ಪಾನೆಲೂ ಎಂಬ ಜೆಸ್ವಿಟ್ ಪಾದ್ರಿ ಕಿಕ್ಕಿರಿದ ಚರ್ಚಿನಲ್ಲಿ ಪ್ರವಚನಕ್ಕೆ ನಿಲ್ಲುತ್ತಾನೆ. ವಿದ್ವಾಂಸ, ಗಟ್ಟಿ ದನಿಯವನು. ಈ ವಿಪತ್ತು ನಿಮ್ಮ ಮೇಲೆ ಬಂದಿದೆ, ನೀವು ಅದಕ್ಕೆ ತಕ್ಕವರೇ ಆಗಿದ್ದಿರಿ ಎಂಬುದು ಅವನ ಮಾತಿನ ಸಾರ. ಫಿರ್‌ಔನನ ಈಜಿಪ್ಟಿನಿಂದ ಹಿಡಿದು ಅಹಂಕಾರಿಗಳನ್ನೆಲ್ಲ ದೇವರು ಹೀಗೆಯೇ ಮಣಿಸುತ್ತ ಬಂದಿದ್ದಾನೆ, ಕಾಳು ಹೊಟ್ಟು ಬೇರೆಯಾಗುವವರೆಗೂ ಈ ಬಡಿತ ನಿಲ್ಲದು ಎನ್ನುತ್ತಾನೆ. ಕೇಳಿದವರು ಒಬ್ಬೊಬ್ಬರಾಗಿ ಮೊಣಕಾಲೂರುತ್ತಾರೆ.

ಇಂಥ ಪ್ರವಚನ ನಮಗೆ ಅಪರಿಚಿತವಲ್ಲ. ಭಾಷೆ ಮತ್ತು ಉಡುಪು ಬದಲಾದರೆ ಇದು ನಮ್ಮ ಎಷ್ಟೋ ಜುಮಾ ಭಾಷಣಗಳಲ್ಲಿ ಕೇಳಿದ್ದೇ. ಆದರೆ ಪಾನೆಲೂವಿನ ವಾದ ಅವನ ಸ್ವಂತ ಧರ್ಮಗ್ರಂಥದ ಮುಂದೆಯೇ ಪೂರ್ತಿ ನಿಲ್ಲುವುದಿಲ್ಲ. ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಸಿಲೋವಾಮಿನ ಗೋಪುರ ಬಿದ್ದು 18 ಜನ ಸತ್ತ ಪ್ರಸ್ತಾಪವಿದೆ. ಸತ್ತವರು ಜೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೇ ಎಂಬ ಪ್ರಶ್ನೆಯನ್ನು ಯೇಸು, ನಮ್ಮ ಪಾಲಿಗೆ ಪ್ರವಾದಿ ಈಸಾ(ಅ), ತಾವೇ ಎತ್ತಿ ಅಲ್ಲವೆಂದು ಉತ್ತರಿಸುತ್ತಾರೆ. ಆಮೇಲೆ ಕೇಳುತ್ತಿರುವವರಿಗೆ ಪಶ್ಚಾತ್ತಾಪದ ಕರೆ ಕೊಡುತ್ತಾರೆ. ಇಲ್ಲಿನ ಕ್ರಮವನ್ನು ನೋಡಬೇಕು. ಸತ್ತವರ ಮೇಲಿನ ಆರೋಪ ಮೊದಲು ತೆಗೆದುಹಾಕಲಾಗುತ್ತದೆ, ಆನಂತರ ಬದುಕಿರುವವರನ್ನು ಎಚ್ಚರಿಸಲಾಗುತ್ತದೆ. ಪಾನೆಲೂ ಕರೆಯನ್ನು ಉಳಿಸಿಕೊಂಡು ಆ ಮೊದಲ ಹೆಜ್ಜೆಯನ್ನು ಬಿಟ್ಟುಬಿಟ್ಟ.

ಕಮೂ ಅವನನ್ನು ಗೇಲಿ ಮಾಡಿ ಮುಗಿಸಬಹುದಿತ್ತು, ಹಾಗೆ ಮಾಡಲಿಲ್ಲ. ರೋಗಿಗಳ ಸೇವೆಗೆ ಸ್ವಯಂಸೇವಕರ ತಂಡ ಕಟ್ಟಿದಾಗ ಪಾನೆಲೂ ಬಂದು ಸೇರುತ್ತಾನೆ. ಡಾಕ್ಟರ್ ರಿಯೂ ಅವನ ಬಗ್ಗೆ ಮೊದಲೇ ಹೇಳಿದ್ದುಂಟು: ಓದಿದವನು, ಆದರೆ ಸಾವನ್ನು ಹತ್ತಿರದಿಂದ ಸಾಕಷ್ಟು ನೋಡಿದವನಲ್ಲ ಎಂದು. ನೋಡುವ ಗಳಿಗೆಯೂ ಬರುತ್ತದೆ. ನ್ಯಾಯಾಧೀಶನ ಚಿಕ್ಕ ಮಗನಿಗೆ ಹೊಸ ಸೀರಮ್ ಕೊಟ್ಟು ಪ್ರಯೋಗ ಮಾಡುತ್ತಾರೆ. ಆಸ್ಪತ್ರೆಯಾಗಿ ಮಾಡಿದ ಶಾಲಾ ಕೊಠಡಿಯಲ್ಲಿ ಆ ಮಗು ನರಳಿ ನರಳಿ ಸಾಯುತ್ತದೆ. ಪಾದ್ರಿ ಮೊಣಕಾಲೂರಿ ಮಗುವನ್ನು ಉಳಿಸೆಂದು ದೇವರನ್ನು ಬೇಡುತ್ತಾನೆ, ಮಗು ಉಳಿಯುವುದಿಲ್ಲ. ಹೊರಗೆ ಬಂದ ಡಾಕ್ಟರು ಸಿಟ್ಟಿನಿಂದ ಅವನತ್ತ ತಿರುಗಿ, ಇದಂತೂ ನಿರಪರಾಧಿಯಾಗಿತ್ತು ಎಂದು ಹೇಳುತ್ತಾನೆ.

ಇದಾದ ಮೇಲಿನದು ಎರಡನೆಯ ಪ್ರವಚನ. ಅಂದು ಗಾಳಿಯ ದಿನ. ಜನ ಕಡಿಮೆ, ಹಲವರು ಪ್ರಾರ್ಥನೆ ಬಿಟ್ಟು ಭವಿಷ್ಯವಾಣಿಗಳ ಹಿಂದೆ ಬಿದ್ದಿದ್ದಾರೆ. ಪಾದ್ರಿಯ ದನಿ ತಗ್ಗಿದೆ, ಮಾತು ತಡವರಿಸುತ್ತದೆ. ಕಥೆಗಾರ ಒಂದು ವಿಷಯ ಗುರುತಿಸುತ್ತಾನೆ: ಮೊದಲ ಸಲ ‘ನೀವು’ ಎಂದವನು ಈಗ ‘ನಾವು’ ಎನ್ನುತ್ತಿದ್ದಾನೆ. ನಮ್ಮ ಪ್ರಕಾರ ಇಡೀ ಕಾದಂಬರಿಯ ಧಾರ್ಮಿಕ ತಿರುವು ಈ ಒಂದು ಸರ್ವನಾಮದಲ್ಲಿದೆ. ತೌಬಾ ಎಂದರೆ ಮರಳುವುದು. ಕನ್ನಡ ಕ್ರೈಸ್ತರೂ ‘ದೇವರ ಕಡೆಗೆ ತಿರುಗಿಕೊಳ್ಳುವುದು’ ಎನ್ನುತ್ತಾರೆ. ತಿರುಗಬೇಕಾದವನು ತಾನೂ ಹೌದು ಎಂದು ಅರಿಯದವನು ಇತರರನ್ನು ತಿರುಗಿಸಹೊರಟರೆ ಅದು ಪಶ್ಚಾತ್ತಾಪದ ಕರೆಯಲ್ಲ, ತೀರ್ಪು.

ಹಾಗೆಂದು ಎರಡನೆಯ ಪಾನೆಲೂವನ್ನು ನಾವು ಪೂರ್ತಿ ಒಪ್ಪಲಾರೆವು. ಮಗುವಿನ ನೋವಿಗೆ ಪರಲೋಕದ ಸುಖ ಪರಿಹಾರವೆಂಬ ಸುಲಭದ ಉತ್ತರವನ್ನು ಅವನು ಕೊಡದಿರುವುದು ಅವನ ಪ್ರಾಮಾಣಿಕತೆ. ಮಾರ್ಸೇಯ್ ಪ್ಲೇಗಿನಲ್ಲಿ ಒಂದು ಮಠದ 81 ಸನ್ಯಾಸಿಗಳಲ್ಲಿ ನಾಲ್ವರು ಉಳಿದರು, ಅವರಲ್ಲಿ ಮೂವರು ಓಡಿಹೋದರು, ಉಳಿದ ಆ ಒಬ್ಬನಂತೆ ಇರಬೇಕು ಎನ್ನುವಲ್ಲಿ ಅವನು ದೊಡ್ಡವನಾಗುತ್ತಾನೆ. ಆದರೆ ಎಲ್ಲವನ್ನೂ ಒಪ್ಪು, ಇಲ್ಲವೇ ಎಲ್ಲವನ್ನೂ ನಿರಾಕರಿಸು ಎಂಬ ಹಟ ಅವನನ್ನು ಎಲ್ಲಿಗೆ ಒಯ್ಯುತ್ತದೆ? ಕಾಯಿಲೆ ಬಿದ್ದಾಗ ಡಾಕ್ಟರನ್ನು ಕರೆಸಬೇಡಿ ಎನ್ನುತ್ತಾನೆ. ಕೊನೆಗೆ ಶಿಲುಬೆಯನ್ನು ಹಿಡಿದುಕೊಂಡು ಸಾಯುತ್ತಾನೆ. ರೋಗ ಪ್ಲೇಗೇ ಎಂಬುದು ತಿಳಿಯದೆ ಅವನ ಕಾರ್ಡಿನಲ್ಲಿ ‘ಸಂಶಯಾಸ್ಪದ’ ಎಂದು ಬರೆಯುತ್ತಾರೆ.

ತವಕ್ಕುಲ್, ಅಂದರೆ ದೇವರಲ್ಲಿ ಭರವಸೆ, ಇದೇ ಏನು? ಅಮ್ವಾಸ್ ಪ್ಲೇಗಿನ ಕಾಲದಲ್ಲಿ ಸಿರಿಯಾಕ್ಕೆ ಹೊರಟಿದ್ದ ಖಲೀಫ ಉಮರ್(ರ) ರೋಗದ ಸುದ್ದಿ ತಿಳಿದು ಅರ್ಧದಾರಿಯಲ್ಲಿ ಹಿಂದಿರುಗಿದರು. ದೇವರ ವಿಧಿಯಿಂದ ಓಡುತ್ತೀರಾ ಎಂದು ಅಬೂ ಉಬೈದಾ(ರ) ಕೇಳಿದಾಗ, ಒಂದು ವಿಧಿಯಿಂದ ದೇವರದೇ ಇನ್ನೊಂದು ವಿಧಿಯತ್ತ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ಅಬೂ ಉಬೈದಾ ತಮ್ಮ ಸೈನಿಕರನ್ನು ಬಿಟ್ಟು ಬರಲಿಲ್ಲ, ಅದೇ ರೋಗಕ್ಕೆ ಬಲಿಯಾದರು. ನಮ್ಮ ಪರಂಪರೆ ಹಿಂದಿರುಗಿದವರನ್ನೂ ಉಳಿದವರನ್ನೂ ಗೌರವಿಸುತ್ತದೆ. ಎಲ್ಲ ಅಥವಾ ಏನೂ ಇಲ್ಲ ಎಂಬ ಇಕ್ಕಟ್ಟು ಅಲ್ಲಿಲ್ಲ. ಔಷಧಿಯ ಬಾಟಲಿ ಹಿಡಿದ ಕೈಯೂ ದುಆಕ್ಕೆ ಎತ್ತಿದ ಕೈಯೂ ಒಂದೇ ಆಗಿರಬಹುದು.

ಉರ್ದು ಶಾಲೆಯಲ್ಲಿ ಕಲಿತವರಿಗೆ ಇಲ್ಲಿ ಡೆಪ್ಯುಟಿ ನಜೀರ್ ಅಹಮದರ ‘ತೌಬತುನ್ನಸೂಹ್’ ನೆನಪಾಗದಿರದು. 19ನೇ ಶತಮಾನದ ಎಪ್ಪತ್ತರ ದಶಕದ ಕೃತಿ. ದಿಲ್ಲಿಯಲ್ಲಿ ಕಾಲರಾ ಬರುತ್ತದೆ. ಕಾಯಿಲೆ ಬಿದ್ದ ನಸೂಹ್ ಕನಸಿನಲ್ಲಿ ತೀರಿಹೋದ ತಂದೆಯ ವಿಚಾರಣೆ ನೋಡಿ ಬೆಚ್ಚಿ, ಬದುಕಿ ಎದ್ದ ಮೇಲೆ ಪಶ್ಚಾತ್ತಾಪದ ದಾರಿ ಹಿಡಿಯುತ್ತಾನೆ. ಇಂಗ್ಲಿಷ್ ಲೇಖಕ ಡೇನಿಯಲ್ ಡಿಫೋ 1715ರಲ್ಲಿ ಕ್ರೈಸ್ತ ಕುಟುಂಬಗಳಿಗಾಗಿ ಬರೆದ ‘ಫ್ಯಾಮಿಲಿ ಇನ್‌ಸ್ಟ್ರಕ್ಟರ್’ನ ಋಣ ಈ ಕೃತಿಯ ಮೇಲಿದೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಂದರೆ ಇಂಗ್ಲೆಂಡಿನ ಕ್ರೈಸ್ತ ಕರೆಯೊಂದು ದಿಲ್ಲಿಯ ಮುಸ್ಲಿಂ ಮನೆಯಲ್ಲಿ ತೌಬಾ ಆಗಿ ಮರುಹುಟ್ಟು ಪಡೆಯಿತು. ನಸೂಹ್ ‘ನಾನು ತಪ್ಪಿದೆ’ ಎಂದು ಆರಂಭಿಸುತ್ತಾನೆ, ಅದು ಚೆನ್ನ. ಆದರೆ ಹಿರಿಯ ಮಗ ಕಲೀಮ್ ಬಗ್ಗದಿದ್ದಾಗ ಅವನ ಪುಸ್ತಕಗಳಿಗೆ ಬೆಂಕಿ ಇಡುತ್ತಾನೆ. ಪಾನೆಲೂ ‘ನೀವು’ವಿನಿಂದ ‘ನಾವು’ಗೆ ಬಂದರೆ ನಸೂಹ್ ‘ನಾನು’ವಿನಿಂದ ‘ನೀನು’ಗೆ ಇಳಿಯುತ್ತಾನೆ. ಕಥೆ ಬರೆಯುವ ನಮಗೆ ಆ ಸುಟ್ಟ ಪುಸ್ತಕಗಳ ವಾಸನೆ ಇಂದಿಗೂ ಹೋಗಿಲ್ಲ.

ಕಮೂವಿನ ಲೋಪವನ್ನೂ ಹೇಳಲೇಬೇಕು. ಅವನ ‘ನಾವು’ ಎಷ್ಟು ವಿಶಾಲ? ಒರಾನಿನ ಅರಬರು ಈ ಕಾದಂಬರಿಯಲ್ಲಿ ಹೆಸರುಳ್ಳ ಮನುಷ್ಯರಾಗಿ ಇಲ್ಲವೇ ಇಲ್ಲ. ಅವರ ಬದುಕಿನ ಸ್ಥಿತಿಗತಿಯ ಬಗ್ಗೆ ವರದಿ ಮಾಡಲು ಬಂದ ಪತ್ರಕರ್ತ ರಾಂಬೇರ್ ಆರಂಭದಲ್ಲಿ ಕಾಣಿಸುತ್ತಾನೆ. ಆಮೇಲೆ ಆ ವರದಿಯೂ ಇಲ್ಲ, ಆ ಜನರೂ ಇಲ್ಲ. ಐರಿಷ್ ವಿಮರ್ಶಕ ಕಾನರ್ ಕ್ರೂಸ್ ಓಬ್ರಿಯನ್ 1970ರಲ್ಲಿಯೇ ಇದನ್ನು ಎತ್ತಿ ತೋರಿಸಿದ್ದ. ಪ್ಲೇಗಿಗೆ ಅರಬರ ಕೇರಿಗಳ ದಾರಿ ಗೊತ್ತಿರಲಿಲ್ಲವೇ? ಅಲ್ಲಿನ ಮಸೀದಿಗಳಲ್ಲಿ ಯಾರೂ ಅಳಲಿಲ್ಲವೇ? ಪಾದ್ರಿಯ ‘ನಾವು’ ಚರ್ಚಿನ ಬಾಗಿಲಿನವರೆಗೆ ಬಂದರೆ, ಲೇಖಕನ ‘ನಾವು’ ಯುರೋಪಿಯನ್ನರ ಬಡಾವಣೆಯ ಕೊನೆಗೆ ನಿಂತುಬಿಡುತ್ತದೆ.

ಈ ಪ್ರಶ್ನೆ ನಮಗೆ ಬರೀ ಸಾಹಿತ್ಯದ್ದಲ್ಲ. 2020ರಲ್ಲಿ ಕೊರೋನಾ ಬಂದಾಗ ದಿಲ್ಲಿಯ ನಿಜಾಮುದ್ದೀನಿನ ಸಭೆಯ ನೆಪದಲ್ಲಿ ಒಂದಿಡೀ ಸಮುದಾಯವನ್ನು ರೋಗದ ಹೆಸರಿನಿಂದ ಕರೆದರು. ತರಕಾರಿ ಗಾಡಿಯವನ ಹೆಸರು ಕೇಳಿ ವ್ಯಾಪಾರ ಮಾಡಿದ ದಿನಗಳವು. ಅದೇ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಸಭೆಗೆ ಬಂದಿದ್ದ ವಿದೇಶಿಯರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶು ಮಾಡಿದ್ದನ್ನು ಟೀಕಿಸಿತು. ಆದರೆ ಅದಕ್ಕೂ ಮೊದಲು, ರೋಗ ವುಹಾನಿನಲ್ಲಷ್ಟೇ ಇದ್ದಾಗ, ಇದು ಉಯಿಘರ್ ಮುಸ್ಲಿಮರನ್ನು ಪೀಡಿಸಿದವರಿಗೆ ಸಿಕ್ಕ ಶಿಕ್ಷೆ ಎಂದು ಹಿಗ್ಗಿದವರು ನಮ್ಮಲ್ಲಿಯೂ ಇದ್ದರಲ್ಲ! ನಾವೂ ಆಗ ಪಾನೆಲೂವಿನ ಮೊದಲ ಪ್ರವಚನವನ್ನೇ ಓದುತ್ತಿದ್ದೆವು. ಬೆಂಗಳೂರಿನಲ್ಲಿ ಹೆಣ ಮುಟ್ಟಲು ಮನೆಯವರೇ ಹೆದರಿದ ಹೊತ್ತಿನಲ್ಲಿ ಜಾತಿ ಮತ ಕೇಳದೆ ಅಂತ್ಯಸಂಸ್ಕಾರ ಮಾಡಿದ ಹುಡುಗರು ಎರಡನೆಯ ಪ್ರವಚನವನ್ನು, ಮಾತಿಲ್ಲದೆ, ಇನ್ನೂ ಚೆನ್ನಾಗಿ ಹೇಳಿದರು.

ಬೈಬಲಿನ ಯೋನನ ಪುಸ್ತಕದಲ್ಲಿ, ನಮಗೆ ಹಜ್ರತ್ ಯೂನುಸ್(ಅ) ಎಂದು ಪರಿಚಿತರಾದವರ ಕಥೆಯಲ್ಲಿ, ನಿನೆವೆ ನಗರಕ್ಕೆ ಎಚ್ಚರಿಕೆ ತಲುಪಿದಾಗ ಅಲ್ಲಿನ ರಾಜ ಊರಲ್ಲಿ ಪಾಪಿಗಳು ಯಾರೆಂದು ಹುಡುಕಿಸುವುದಿಲ್ಲ. ತಾನೇ ಸಿಂಹಾಸನದಿಂದ ಇಳಿದು, ಗೋಣಿತಟ್ಟು ಸುತ್ತಿಕೊಂಡು ಬೂದಿಯಲ್ಲಿ ಕೂರುತ್ತಾನೆ. ಆ ಊರು ಉಳಿಯಿತು. ಸಂಕಟಕಾಲದಲ್ಲಿ ಪಶ್ಚಾತ್ತಾಪಕ್ಕೆ ಕರೆಯುವವರು, ಅವರು ಪಾದ್ರಿಯಾಗಲಿ ಮೌಲ್ವಿಯಾಗಲಿ, ಮೊದಲು ಆ ಬೂದಿಯಲ್ಲಿ ತಮಗೊಂದು ಜಾಗ ಹುಡುಕಿಕೊಳ್ಳಲಿ. ಅಲ್ಲಿಂದ ಕರೆದರೆ ನಾವು ಖಂಡಿತ ಬರುತ್ತೇವೆ.