ಹದಿನೆಂಟೂವರೆ ನ್ಯೂಟ್ರಾನ್

ಕ್ಲೋರಿನ್ನಿನ ಪರಮಾಣು ಸಂಖ್ಯೆ 17, ಪರಮಾಣು ರಾಶಿ 35.5. ಹಾಗಾದರೆ ಅದರ ನ್ಯೂಕ್ಲಿಯಸ್ಸಿನಲ್ಲಿ ಎಷ್ಟು ನ್ಯೂಟ್ರಾನ್‌ಗಳಿವೆ? ಪರಮಾಣು ರಚನೆಯ ಪಾಠ ಮುಗಿಸಿದ ಮರುದಿನ ಒಂಬತ್ತನೆಯ ತರಗತಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ. ‘ಹದಿನೆಂಟೂವರೆ’ ಎಂಬ ಉತ್ತರ ಬಂದರೆ ಮಕ್ಕಳನ್ನು ಗದರಿಸಬೇಡಿ. ಕಳೆಯುವ ಲೆಕ್ಕ ಸರಿಯಾಗಿಯೇ ಇದೆ. ನಾವು ಕಲಿಸಿದ ಸೂತ್ರವನ್ನೇ ಅವರು ಬಳಸಿದ್ದಾರೆ. ತಪ್ಪಿರುವುದು ಪಾಠವನ್ನು ಜೋಡಿಸಿದ ಬಗೆಯಲ್ಲಿ.

2006ರಲ್ಲಿ ಹೊರಬಂದು ಬಹಳ ವರ್ಷ ಬಳಕೆಯಲ್ಲಿದ್ದ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದ ಕ್ರಮವನ್ನೇ ತೆಗೆದುಕೊಳ್ಳಿ. ಮೊದಲು ಥಾಮ್ಸನ್, ರುದರ್‌ಫರ್ಡ್, ಬೋರ್, ಬಳಿಕ ನ್ಯೂಟ್ರಾನ್, ಆಮೇಲೆ ಪರಮಾಣು ಸಂಖ್ಯೆ, ರಾಶಿ ಸಂಖ್ಯೆ, ಕೊನೆಯಲ್ಲಿ ಸಮಸ್ಥಾನಿಗಳು, ಅಂದರೆ ಐಸೊಟೋಪುಗಳು. ಕ್ಲೋರಿನ್ನಿನ ಯಾವ ಒಂದು ಪರಮಾಣುವಿಗೂ ಭಿನ್ನರಾಶಿಯ ತೂಕವಿಲ್ಲ, 35.5 ಎಂಬುದು ಸರಾಸರಿ ಎಂದು ಪುಸ್ತಕ ಎಚ್ಚರಿಸುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ಆ ಎಚ್ಚರಿಕೆ ಬರುವ ಹೊತ್ತಿಗೆ ವಿದ್ಯಾರ್ಥಿಗೆ ಯಾವ ಸಮಸ್ಯೆಯೂ ಉಳಿದಿರುವುದಿಲ್ಲ. ನ್ಯೂಟ್ರಾನ್ ಗೊತ್ತಿದ್ದವನಿಗೆ ಸಮಸ್ಥಾನಿ ಎಂಬುದು ಬಾಯಿಪಾಠ ಮಾಡಬೇಕಾದ ಇನ್ನೊಂದು ವ್ಯಾಖ್ಯೆ, ಅಷ್ಟೆ.

ನಡೆದದ್ದು ತಿರುವುಮುರುವಾಗಿ. ಎಲ್ಲ ಪರಮಾಣು ತೂಕಗಳೂ ಹೈಡ್ರೊಜನ್ನಿನ ಪೂರ್ಣ ಗುಣಕಗಳೆಂದು ವಿಲಿಯಂ ಪ್ರೌಟ್ 1815ರಲ್ಲಿಯೇ ಊಹಿಸಿದ್ದ. ಆ ಊಹೆಯ ಕಾಲಿಗೆ ಚುಚ್ಚಿದ ಮುಳ್ಳೇ ಕ್ಲೋರಿನ್. ಎಷ್ಟು ಎಚ್ಚರದಿಂದ ಅಳೆದರೂ ಬರುತ್ತಿದ್ದುದು ಮೂವತ್ತೈದೂವರೆಯ ಆಸುಪಾಸು. ಮುಂದೆ ಬೇರೆ ಬೇರೆ ತೂಕದ ಪರಮಾಣುಗಳು ಆವರ್ತ ಕೋಷ್ಟಕದ ಒಂದೇ ಮನೆಯಲ್ಲಿ ಕೂರಬಲ್ಲವೆಂದು ಫ್ರೆಡರಿಕ್ ಸಾಡಿ 1913ರಲ್ಲಿ ಹೇಳಿದ. ‘ಐಸೊಟೋಪ್’ ಎಂಬ ಗ್ರೀಕ್ ಮೂಲದ ಹೆಸರನ್ನು ಸೂಚಿಸಿದವರು ಮಾರ್ಗರೆಟ್ ಟಾಡ್ ಎಂಬ ವೈದ್ಯೆ. (ನಮ್ಮ ‘ಸಮಸ್ಥಾನಿ’ ಅದೇ ಅರ್ಥವನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ, ಆ ಪದವನ್ನು ಬಿಡಿಸಿ ತೋರಿಸಿದರೆ ಅರ್ಧ ಪಾಠ ಮುಗಿದಂತೆ.) ಮೊದಲ ಮಹಾಯುದ್ಧದ ಬಳಿಕ ಆಸ್ಟನ್ ತನ್ನ ರಾಶಿ ರೋಹಿತಲೇಖಿಯಲ್ಲಿ ಕ್ಲೋರಿನ್ನನ್ನು 35 ಮತ್ತು 37 ಎಂದು ಬೇರ್ಪಡಿಸಿದ. ಚಾಡ್ವಿಕ್ ನ್ಯೂಟ್ರಾನನ್ನು ಕಂಡದ್ದು 1932ರಲ್ಲಿ. ಅಂದರೆ ಸಮಸ್ಥಾನಿ ಎಂಬ ಮಾತಿಗೂ ನ್ಯೂಟ್ರಾನಿಗೂ ನಡುವೆ ಹತ್ತೊಂಬತ್ತು ವರ್ಷಗಳ ಅಂತರವಿದೆ. ಒಂದೇ ಧಾತುವಿನ ಪರಮಾಣುಗಳ ತೂಕ ಏಕೆ ಬೇರೆ ಎಂಬ ಪ್ರಶ್ನೆ ಮೊದಲು, ನ್ಯೂಟ್ರಾನ್ ಎಂಬ ಉತ್ತರ ಆಮೇಲೆ. ನಾವು ಉತ್ತರವನ್ನು ಮೊದಲು ಕೊಟ್ಟು ಪ್ರಶ್ನೆಯನ್ನೇ ಕೊಲ್ಲುತ್ತಿದ್ದೇವೆ.

ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಇಪ್ಪತ್ತು ಖಾಲಿ ಬೆಂಕಿಪೊಟ್ಟಣ ತನ್ನಿ. ಹದಿನೈದರಲ್ಲಿ 35 ಹೆಸರುಕಾಳು, ಐದರಲ್ಲಿ 37 ಕಾಳು ಹಾಕಿ ಮುಚ್ಚಿ, ಕಲಸಿಬಿಡಿ. ಒಟ್ಟು ಕಾಳು 710 ಎಂದಷ್ಟೇ ಹೇಳಿ, ಒಂದು ಪೊಟ್ಟಣಕ್ಕೆ ಎಷ್ಟೆಂದು ಕೇಳಿ. ಲೆಕ್ಕ 35.5 ಎನ್ನುತ್ತದೆ. ಆದರೆ ಅರ್ಧ ಕಾಳನ್ನು ಯಾರೂ ಹಾಕಿಲ್ಲವೆಂದು ಮಕ್ಕಳಿಗೆ ಗೊತ್ತು. ವಾದ ಆರಂಭವಾಗಲಿ, ಪೊಟ್ಟಣ ಮಾತ್ರ ತೆರೆಯಬೇಡಿ. ಹತ್ತೊಂಬತ್ತನೆಯ ಶತಮಾನದ ರಸಾಯನವಿಜ್ಞಾನಿಯೂ ಇಡೀ ರಾಶಿಯನ್ನು ತೂಗಬಲ್ಲವನಾಗಿದ್ದನೇ ಹೊರತು ಒಂದೊಂದು ಪರಮಾಣುವನ್ನು ಬಿಚ್ಚಿ ನೋಡಬಲ್ಲವನಾಗಿರಲಿಲ್ಲ.

ಚುರುಕಾದ ವಿದ್ಯಾರ್ಥಿಯೊಬ್ಬಳು ಕೋಷ್ಟಕದಲ್ಲಿ 35.45 ಎಂದಿದೆಯಲ್ಲ ಎಂದರೆ ಸಂತೋಷಪಡಿ. ನಿಸರ್ಗದಲ್ಲಿ ಹಗುರ ಕ್ಲೋರಿನ್ ಶೇಕಡ 75.8ರಷ್ಟು, ಭಾರದ್ದು 24.2ರಷ್ಟು. ಹೀಗೆ ಲೆಕ್ಕ ಹಾಕಿದರೂ 35.48 ಬರುತ್ತದೆ. ಉಳಿದ ಚೂರು ವ್ಯತ್ಯಾಸಕ್ಕೆ ಕಾರಣ ಬೇರೆ: ಪರಮಾಣುಗಳ ನಿಜವಾದ ರಾಶಿ 34.97 ಮತ್ತು 36.97, ಪೂರ್ಣಾಂಕಗಳಲ್ಲ.

ಇನ್ನೆರಡು ಆಕ್ಷೇಪಗಳಿವೆ. ಆ ಪುಸ್ತಕ ಸಮಸ್ಥಾನಿಗಳ ಉಪಯೋಗಕ್ಕೆ ಕೊಡುವ ನಿದರ್ಶನಗಳು ರಿಯಾಕ್ಟರಿನ ಯುರೇನಿಯಂ, ಕ್ಯಾನ್ಸರಿಗೆ ಕೋಬಾಲ್ಟ್, ಗಳಗಂಡಕ್ಕೆ ಅಯೊಡಿನ್. ಎಲ್ಲವೂ ವಿಕಿರಣಪಟು. ಸಮಸ್ಥಾನಿ ಎಂದರೆ ಅಪಾಯಕಾರಿ ವಸ್ತು ಎಂಬ ಭಾವನೆ ಇಲ್ಲಿಂದಲೇ ಬೇರೂರಬಹುದು. ನಾವು ದಿನವೂ ತಿನ್ನುವ ಉಪ್ಪಿನಲ್ಲಿ ಕ್ಲೋರಿನ್ನಿನ ಎರಡೂ ಸಮಸ್ಥಾನಿಗಳಿವೆ, ಎರಡೂ ಸ್ಥಿರ.

ಇನ್ನೊಂದು, ‘ರಾಸಾಯನಿಕ ಗುಣ ಒಂದೇ’ ಎಂಬ ಮಾತು. ಬಹುಮಟ್ಟಿಗೆ ನಿಜ, ಆದರೆ ಹೈಡ್ರೊಜನ್ನಿನಲ್ಲಿ ತೂಕವೇ ಇಮ್ಮಡಿಯಾಗುವುದರಿಂದ ಅಲ್ಲಿ ಈ ಮಾತು ಸಡಿಲವಾಗುತ್ತದೆ. ಭಾರಜಲ 3.8 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಹೆಪ್ಪುಗಟ್ಟುತ್ತದೆ. ಅದರ ಮಂಜುಗಡ್ಡೆ ಸಾಮಾನ್ಯ ನೀರಿನಲ್ಲಿ ಮುಳುಗುತ್ತದೆ. ನಮ್ಮ ಕೈಗಾ ರಿಯಾಕ್ಟರುಗಳಿಗೆ ಮಂದಕವಾಗಿ ಬೇಕಾಗುವುದು ಇದೇ ನೀರು. ಮಣುಗೂರಿನ ಸ್ಥಾವರದಲ್ಲಿ ಅದನ್ನು ಬೇರ್ಪಡಿಸುವುದು ನೀರು ಮತ್ತು ಹೈಡ್ರೊಜನ್ ಸಲ್ಫೈಡುಗಳ ನಡುವೆ ಡ್ಯೂಟೀರಿಯಂ ಸಮನಾಗಿ ಹಂಚಿಹೋಗುವುದಿಲ್ಲ ಎಂಬುದರ ಬಲದಿಂದ. ಗುಣ ಪೂರ್ತಿ ಒಂದೇ ಆಗಿದ್ದರೆ ಆ ಸ್ಥಾವರ ಕೆಲಸ ಮಾಡುತ್ತಿರಲಿಲ್ಲ.

ಪಾಠದ ಕೊನೆಗೆ ವ್ಯಾಖ್ಯೆ ಬರೆಸುವ ಬದಲು ಇದನ್ನು ಕೇಳಿ: ಆರ್ಗಾನ್ 18ನೆಯದು, ರಾಶಿ 39.95, ಪೊಟ್ಯಾಸಿಯಂ 19ನೆಯದು, ರಾಶಿ 39.10. ಮುಂದಿನ ಧಾತು ಹಿಂದಿನದಕ್ಕಿಂತ ಹಗುರವಾದದ್ದು ಹೇಗೆ? ಸುಳಿವು ಬೇಕೆಂದರೆ, ಪೊಟ್ಯಾಸಿಯಂ-40ರ ಒಂದು ಪಾಲು ಕ್ಷಯಿಸಿ ಏನಾಗುತ್ತದೆಂದು ಹುಡುಕಲು ಹೇಳಿ.