ತವರಿಗೆ ಹೊರಟ ಮೀನು

ಶೃಂಗೇರಿಗೆ ಹೋದವರು ತುಂಗೆಯ ಮೀನಿಗೆ ಮಂಡಕ್ಕಿ ಹಾಕದೆ ಬರುವುದಿಲ್ಲ. ಆದರೆ ಮೀನನ್ನು ನೋಡಿ ಬಂದವರು ಕಡಿಮೆ. ಮೆಟ್ಟಿಲಿಳಿದ ಕೂಡಲೇ ಪೊಟ್ಟಣ ಬಿಚ್ಚಿ ಎರಚುತ್ತೇವೆ. ನೀರು ಕುದಿದಂತಾಗಿ ಬಾಯಿಗಳ ರಾಶಿಯೊಂದು ಮೇಲೇಳುತ್ತದೆ. ಮಂಡಕ್ಕಿ ಮುಗಿದರೆ ನಾವೂ ಎದ್ದುಬಿಡುತ್ತೇವೆ. ಬೆಳಿಗ್ಗೆ ಏಳು ಗಂಟೆಗೆ, ಜನ ಸೇರುವ ಮೊದಲು, ಬರಿಗೈಯಲ್ಲಿ ಹೋಗಿ ಕೂರಬೇಕು. ಫೆಬ್ರವರಿಯಾದರೆ ಇನ್ನೂ ಒಳ್ಳೆಯದು, ಹೊಳೆ ತಿಳಿಯಾಗಿರುತ್ತದೆ.

ಮೊದಲು ಕಾಣುವುದು ಬರೀ ಕಪ್ಪು ನೀರು. ಐದು ನಿಮಿಷ ಕಣ್ಣು ಪಳಗಿದ ಮೇಲೆ ತಳದ ಬಂಡೆಗಳಲ್ಲಿ ಕೆಲವು ಮೆಲ್ಲನೆ ಅಲುಗುತ್ತವೆ. ಬಂಡೆಯೆಂದುಕೊಂಡದ್ದು ಬೆನ್ನು. ಒಂದು, ಮೂರು, ಏಳು. ಆಮೇಲೆ ಎಣಿಕೆ ತಪ್ಪುತ್ತದೆ. ಎಲ್ಲವೂ ಹರಿವಿಗೆ ಮುಖ ಮಾಡಿ ನಿಂತಿರುತ್ತವೆ. ನಿಂತಿವೆ ಅನ್ನುವುದು ನಮ್ಮ ಕಣ್ಣಿನ ಮಾತು. ನೀರು ಹಿಂದಕ್ಕೆ ತಳ್ಳುತ್ತಲೇ ಇದೆ, ಮೀನು ಅಷ್ಟೇ ಅಳತೆಯಲ್ಲಿ ಮುಂದಕ್ಕೆ ಈಜುತ್ತಲೇ ಇದೆ. ಬಾಲದ ತುದಿಯೊಂದು ಮಾತ್ರ, ತಂಬೂರಿಯ ಮೇಲಿನ ಬೆರಳಿನಂತೆ, ಬಿಡದೆ ಆಡುತ್ತಿರುತ್ತದೆ. ಶ್ರುತಿ ತಪ್ಪಿದರೆ ಹೊಳೆ ಕೊಚ್ಚಿಕೊಂಡು ಹೋಗುತ್ತದೆ.

ಇದು ಮಹಶೀರ್. ಕಾವೇರಿ ದಡದವರಿಗೆ ಬಿಳಿಮೀನು, ಗುಡಿಯ ಮಡುವಿಗೆ ಬಂದವರಿಗೆ ದೇವರ ಮೀನು. ತುಂಗೆಯದು ಟಾರ್ ಖುದ್ರೀ ಎಂಬ ಜಾತಿ. ಬೆನ್ನು ಪಾಚಿಗಟ್ಟಿದ ಬಂಡೆಯ ಬಣ್ಣ, ರೆಕ್ಕೆಗಳಲ್ಲಿ ಮಸುಕು ನೀಲಿ. ಬಿಸಿಲು ಓರೆಯಾಗಿ ಬೀಳುವಾಗ ಯಾವುದಾದರೂ ಒಂದು ಪಕ್ಕಕ್ಕೆ ಹೊರಳಿದರೆ, ಹುಣಸೆಹಣ್ಣು ಹಾಕಿ ತಿಕ್ಕಿದ ಹಳೆಯ ಕಂಚಿನ ತಟ್ಟೆ ಫಳ್ಳೆಂದ ಹಾಗೆ. ಅಷ್ಟೇ, ಮತ್ತೆ ಬಂಡೆ.

ಪಕ್ಕದ ಮೆಟ್ಟಿಲಲ್ಲಿ ಅಜ್ಜನ ಜೊತೆ ಬಂದಿದ್ದ ಹುಡುಗ ನೀರಿಗೆ ಕೈ ಬಿಡಲು ಅಂಜುತ್ತಿದ್ದ. "ಅಜ್ಜಾ, ಕಚ್ಚುತ್ತಾ?"

"ಇಲ್ಲ ಪುಟ್ಟಾ, ಇದರ ಬಾಯಲ್ಲಿ ಹಲ್ಲೇ ಇಲ್ಲ."

"ಮತ್ತೆ ಹ್ಯಾಗೆ ತಿನ್ನುತ್ತೆ?"

"ಗಂಟಲಲ್ಲಿ ಇಟ್ಕೊಂಡಿದೆ ಮಾರಾಯ."

ಅಜ್ಜ ಹೇಳಿದ್ದು ಅಕ್ಷರಶಃ ನಿಜ. ದಪ್ಪ ತುಟಿ, ಎರಡು ಜೊತೆ ಮೀಸೆ, ದವಡೆ ಬರಿದು. ಹಲ್ಲಿನ ಸಾಲುಗಳಿರುವುದು ಒಳಗೆ, ಗಂಟಲಲ್ಲಿ. ಶಂಖದ ಹುಳು, ಏಡಿ ಎಲ್ಲ ಅಲ್ಲೇ ನುಚ್ಚು. ಮೀಸೆ ತಳವನ್ನು ತಡವಿ ನೋಡುತ್ತದೆ, ತುಟಿ ಎತ್ತಿಕೊಳ್ಳುತ್ತದೆ, ಗಂಟಲು ಅರೆಯುತ್ತದೆ. ದಡದ ಅತ್ತಿಮರದಿಂದ ಹಣ್ಣು ಟಪ್ಪನೆ ಬಿದ್ದರೆ ಅದೂ ಊಟವೇ. ಮರ ಕಡಿದರೆ ಮೀನಿನ ಎಲೆಯಿಂದ ಒಂದು ಬಗೆ ಕಡಿಮೆಯಾಯಿತು ಅಂತಲೇ ಲೆಕ್ಕ.

ಅಂದು ಮೆಟ್ಟಿಲಿನ ಸಂದಿಯಲ್ಲಿ ಒಂದು ಹುರುಪೆ ಸಿಕ್ಕಿತು, ಹತ್ತು ರೂಪಾಯಿ ನಾಣ್ಯಕ್ಕಿಂತ ಅಗಲ. ಒಣಗಿ ಅಂಚು ಸ್ವಲ್ಪ ಮುದುರಿತ್ತು. ನೀರಲ್ಲಿ ಅದ್ದಿ ಬೆಳಕಿಗೆ ಹಿಡಿದೆ. ಒಂದು ಬದಿ ಹೊಂಬಣ್ಣದ ಪುಡಿ ಸವರಿದಂತೆ, ಇನ್ನೊಂದು ಬದಿ ಗಾಜು. ಒಳಗೆ ಕೂದಲೆಳೆಯ ಸುತ್ತುಗಳು: ಮೇವು ಚೆನ್ನಾಗಿ ಸಿಕ್ಕ ಕಾಲದಲ್ಲಿ ಬಿಡಿಬಿಡಿಯಾಗಿ, ಬರಗೆಟ್ಟ ಕಾಲದಲ್ಲಿ ಒತ್ತೊತ್ತಾಗಿ. ತಿಳಿದವರು ಇದನ್ನು ಎಣಿಸಿ ಮೀನಿನ ವಯಸ್ಸನ್ನು ಅಂದಾಜು ಮಾಡುತ್ತಾರೆ. ನನಗೆ ಎಣಿಸಲು ಬರಲಿಲ್ಲ. ಆದರೆ ತುಂಗೆಯ ಮಳೆಗಾಲ, ಬೇಸಿಗೆಗಳು ಬೆರಳ ತುದಿಯಲ್ಲಿ ಹೀಗೆ ಕೂತಿರುವುದನ್ನು ಕಂಡು ಬಹಳ ಹೊತ್ತು ಕೈ ಇಳಿಸಲಾಗಲಿಲ್ಲ.

ಇಂಥ ನೋಟದ ಹಂಬಲ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗ ಬರೆದ. ಯಾವ ಮೀನು ಎಂಥದ್ದು, ಯಾವುದಕ್ಕೆ ಯಾವ ಮೇವು ಎಂದು ಬಿಡಿಸಿ ಹೇಳಿದ. ಅದು ಗಾಳ ಹಾಕುವವನ ವಿದ್ಯೆ, ಒಪ್ಪುತ್ತೇನೆ. ಆದರೂ ಮೀನಿನ ನಾಲಿಗೆಯ ರುಚಿಯನ್ನು ತಿಳಿಯುವಷ್ಟು ಹೊತ್ತು ನೀರ ಬಳಿ ಕೂತವರಿಂದಲೇ ಅಂಥ ಬರವಣಿಗೆ ಹುಟ್ಟುತ್ತದೆ.

ಕಾವೇರಿಯ ಮಹಶೀರ್ ಬೇರೆಯೇ ಚೆಲುವು. ಬೆನ್ನ ಮೇಲೆ ಡುಬ್ಬ, ರೆಕ್ಕೆಯಲ್ಲಿ ಕೇಸರಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು, ಹತ್ತಿರ ಹತ್ತಿರ 54 ಕಿಲೋ. ಇಷ್ಟು ಹೆಸರಾದ ಮೀನಿಗೆ ಶಾಸ್ತ್ರದ ಹೆಸರು ಖಚಿತವಾದದ್ದು 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಳಿವಿನ ತುತ್ತತುದಿಗೆ ಬಂದ ಜೀವಿಗಳ ಸಾಲಿಗೂ ಸೇರಿತು. ನಾಮಕರಣದ ಮನೆಯಲ್ಲೇ ಸೂತಕದ ಭಯ. ಅಣೆಕಟ್ಟು, ಮರಳು ತೆಗೆಯುವುದು, ತೋಟೆ ಸಿಡಿಸಿ ಮೀನು ಹಿಡಿಯುವುದು ಎಲ್ಲ ಕಾರಣ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಕಾರಣ. ಮಹಶೀರ್ ಉಳಿಯಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಲೋಣಾವಳದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಅವು ಅಲ್ಲಿ ಹೆಚ್ಚಿದವು, ಕೇಸರಿರೆಕ್ಕೆ ಕಡಿಮೆಯಾಯಿತು. ತುಂಗೆಯಲ್ಲಿ ನೋಡಿ ಕಣ್ತುಂಬಿಕೊಂಡ ಅದೇ ನೀಲಿ, ಕಾವೇರಿಯಲ್ಲಿ ಕಂಡರೆ ಮನಸ್ಸು ಮುದುಡುತ್ತದೆ. ಈ ಮೀನಿನ ಅಂದ ಅದರ ಹೊಳೆಯನ್ನು ಬಿಟ್ಟು ಬರುವುದಿಲ್ಲ.

ದೇವಸ್ಥಾನದ ಮಡುವಿನಲ್ಲಿ ಮೀನು ಹಿಡಿಯಬಾರದು ಎಂಬ ಕಟ್ಟಳೆ ದೊಡ್ಡ ಕೆಲಸ ಮಾಡಿದೆ. ಶೃಂಗೇರಿಯಲ್ಲಿ, ಸುಳ್ಯ ತಾಲ್ಲೂಕಿನ ತೊಡಿಕಾನದಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಇವತ್ತಿಗೂ ದೊಡ್ಡ ಮಹಶೀರ್ ಕಣ್ಣಿಗೆ ಬೀಳುವುದು ಆ ಕಟ್ಟಳೆಯಿಂದ. ಆದರೂ 1996ರಲ್ಲಿ ಶಿಶಿಲದ ಕಪಿಲಾ ಹೊಳೆಗೆ ಯಾರೋ ವಿಷ ಬೆರೆಸಿದರು. ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿದವು. ಊರವರು ಅವುಗಳ ನೆನಪಿಗೆ ಸ್ಮಾರಕ ಕಟ್ಟಿದರು. ಆ ಕಲ್ಲಿನೆದುರು ನಿಂತಾಗ ನನಗೆ ಮಾತು ಹೊರಡಲಿಲ್ಲ. ಪಕ್ಕದಲ್ಲೇ ಹೊಳೆಯಲ್ಲಿ ಮತ್ತೆ ಹುಟ್ಟಿ ಬೆಳೆದ ಬೆನ್ನುಗಳು ಹರಿವಿಗೆ ಎದುರಾಗಿ ನಿಂತಿದ್ದವು.

ಶೃಂಗೇರಿಯಿಂದ ಹೊರಡುವ ಮೊದಲು ಅಜ್ಜನಿಗೆ, ಮಳೆಗಾಲದಲ್ಲಿ ಇವು ಎಲ್ಲಿರುತ್ತವೆ ಎಂದು ಕೇಳಿದ್ದೆ. "ಆರಿದ್ರಾ ಮಳೆ ಹಿಡಿದ ಮೇಲೆ ಬಂದ್ರೆ ನಿಮಗೆ ಒಂದೂ ಕಾಣೋದಿಲ್ಲ. ಮೇಲಕ್ಕೆ ಹತ್ತುತ್ತವೆ. ಹೆಣ್ಮಕ್ಕಳು ಹೆರಿಗೆಗೆ ತವರಿಗೆ ಹೋಗೋದಿಲ್ವಾ, ಹಾಗೆ."

ಗದ್ದೆಗೆ ನುಗ್ಗುವ ಹತ್ತುಮೀನನ್ನು ಮಲೆನಾಡಿನವರೆಲ್ಲ ಬಲ್ಲರು. ಹೊಳೆಯ ಈ ದೊಡ್ಡವೂ ಹತ್ತುತ್ತವೆ. ಮೊಟ್ಟೆಯಿಡಲು ಮಡು ಒಗ್ಗುವುದಿಲ್ಲ. ಜಲ್ಲಿಗಲ್ಲಿನ ಮೇಲೆ ನೊರೆಯೆದ್ದು ಓಡುವ ಆಳವಿಲ್ಲದ ನೀರು ಬೇಕು, ಕಲ್ಲಿನ ಸಂದಿಯಲ್ಲಿ ಮೊಟ್ಟೆಗೆ ಉಸಿರು ಬೇಕು. ಆ ಕಲ್ಲುಗಳ ಬಳಿ ಗಂಟೆಯಿಲ್ಲ, ಪೂಜೆಯಿಲ್ಲ, ಹಿಡಿಯಬೇಡ ಎನ್ನುವ ಫಲಕವೂ ಇಲ್ಲ. ದಾರಿಗೆ ಅಡ್ಡಲಾಗಿ ಒಂದು ಕಿಂಡಿ ಅಣೆಕಟ್ಟು ಎದ್ದರೆ, ಜಲ್ಲಿಯನ್ನು ಲಾರಿಗೆ ತುಂಬಿದರೆ, ಮಡುವಿನಲ್ಲಿ ಎಷ್ಟು ಮಂಡಕ್ಕಿ ಬಿದ್ದರೇನು?

ಜುಲೈನಲ್ಲಿ ಮತ್ತೆ ಹೋದೆ. ಮೆಟ್ಟಿಲುಗಳು ಮುಳುಗಿದ್ದವು. ಸೇತುವೆಯ ಮೇಲಿಂದ ನೋಡಿದರೆ ಕೆಂಪು ನೀರು, ಅದರಲ್ಲಿ ಬಾಳೆಯ ಬುಡ, ಮುರಿದ ಕೊಂಬೆ. ಕೊಡೆ ಹಿಡಿದ ಒಬ್ಬ ಹೆಂಗಸು ಮಗುವನ್ನು ಎತ್ತಿ ತೋರಿಸುತ್ತಿದ್ದರು. "ಮೀನೆಲ್ಲಮ್ಮಾ?" ಎಂದು ಮಗು ಮತ್ತೆ ಮತ್ತೆ ಕೇಳುತ್ತಿತ್ತು. ನಾನು ಹೊಳೆ ಬರುವ ಕಡೆಗೆ, ಮಳೆ ಮುಚ್ಚಿದ್ದ ಬೆಟ್ಟದ ಕಡೆಗೆ ಕೈ ಮಾಡಿದೆ.